ಆಟವೂ ಅನಿಮೆಯೂ

ಹೆಸರಿನ ಜಗಳ ಕನ್ನಡ ಮೇಷ್ಟರಿಗೆ ಹೊಸದಲ್ಲ. ವಚನ ಗದ್ಯವೋ ಪದ್ಯವೋ, ರಗಳೆ ಎಂಬುದು ಛಂದಸ್ಸೋ ಕಾವ್ಯಪ್ರಕಾರವೋ, ಗದ್ಯ ಎಷ್ಟು ಬೆರೆತರೆ ಚಂಪು ಚಂಪುವಾಗಿ ಉಳಿಯುತ್ತದೆ, ಇಂಥ ಪ್ರಶ್ನೆಗಳಿಂದಲೇ ನಮ್ಮ ಸಂಸಾರ ಸಾಗುತ್ತದೆ. ಹತ್ತು ಅಂಕದ ಪ್ರಶ್ನೆ ಕೇಳುತ್ತೇವೆ. ಎರಡು ಪುಟದ ಉತ್ತರ ಬರುತ್ತದೆ. ಆರು ಅಂಕ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಈ ಜಗಳಗಳಲ್ಲಿ ಯಾವ ವಿದ್ಯಾರ್ಥಿಯ ಮುಖವೂ ಕೆಂಪೇರಿದ್ದನ್ನು ನಾನು ಕಂಡವನಲ್ಲ. ಆದ್ದರಿಂದ ಅದೇ ವಿದ್ಯಾರ್ಥಿಗಳು ಒಂದು ಹೆಸರಿಗಾಗಿ ಊಟದ ಡಬ್ಬಿ ಬಿಚ್ಚುವುದನ್ನೂ ಮರೆತು ಕಾದಾಡಿದ್ದನ್ನು ಕಂಡಾಗ ನನಗೆ ಸಣ್ಣದೊಂದು ಅಸೂಯೆಯೇ ಆಯಿತೆನ್ನಬೇಕು.

ನಾನು ಇರುವುದು ಕುಮಟೆಯಲ್ಲಿ. ಪಾಠ ಹೇಳುವುದು ಭಟ್ಕಳದ ಕಡೆಯ ಒಂದು ಕಾಲೇಜಿನಲ್ಲಿ. ನಡುವೆ ಹೊನ್ನಾವರ. ಕೊಂಕಣ ರೈಲು ಬಂದ ಮೇಲೆ ಈ ಮೂರು ಊರುಗಳೂ ಒಂದೇ ಬೀದಿಯ ಮೂರು ಮನೆಗಳಂತಾಗಿವೆ. ಹೊನ್ನಾವರದ ಬಳಿ ಶರಾವತಿಯ ಮೇಲೆ ಹಾಕಿರುವ ಸೇತುವೆ ಆ ಮಾರ್ಗದ ಎಲ್ಲ ಸೇತುವೆಗಳಿಗಿಂತ ಉದ್ದವಾದುದು, ಎರಡು ಕಿಲೋಮೀಟರಿಗೂ ಕೊಂಚ ಹೆಚ್ಚು. ನೀರಿನ ಮೇಲೆ ಗಾಡಿ ಸಾಗುವಾಗ ಸಾಮಾನ್ಯವಾಗಿ ಎಲ್ಲರೂ ಮಾತು ನಿಲ್ಲಿಸಿ ಕಿಟಕಿಯ ಕಡೆ ನೋಡುತ್ತಾರೆ. ಅಂದು ಯಾರೂ ನೋಡಲಿಲ್ಲ.

ವಿವಾದದ ವಸ್ತು 'ಅನಿಮೆ'. ಜಪಾನಿನ ಚಲಿಸುವ ಚಿತ್ರಕಥೆಗಳಿಗೆ ನಮ್ಮ ಮಕ್ಕಳು ಹೇಳುವ ಹೆಸರು ಇದು. 2005ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಬಂದ 'ಅವತಾರ್' ಎಂಬ ಚಿತ್ರಮಾಲೆ ಅನಿಮೆಯೋ ಅಲ್ಲವೋ ಎಂಬುದು ಪ್ರಶ್ನೆ. (ನೀಲಿ ಬಣ್ಣದ ಜನರಿದ್ದ ಸಿನಿಮಾ ಬೇರೆ. ಈ ವಿವರಣೆಯನ್ನು ನನಗೂ ಕೊಡಬೇಕಾಯಿತು.) ಹೊನ್ನಾವರದ ಹುಡುಗನೊಬ್ಬ, ಗಣಿತದ ವಿದ್ಯಾರ್ಥಿ, ಖಂಡಿತವಾಗಿ ಅಲ್ಲವೆಂದ. ಬರೆದವರು ಅಮೆರಿಕದವರು, ಗೆರೆ ಎಳೆದವರು ದಕ್ಷಿಣ ಕೊರಿಯಾದವರು. ಇದರಲ್ಲಿ ಜಪಾನೆಲ್ಲಿ ಬಂತು? ಭಟ್ಕಳದ ಹುಡುಗಿಯೊಬ್ಬಳು, ಬಿ. ಎ. ಎರಡನೆಯ ವರ್ಷದವಳು, ಆಗಲೇ ತಿರುಗಿಬಿದ್ದಳು. ಹಾಗಾದರೆ ಜಪಾನಿನ ಅರ್ಧ ಅನಿಮೆಗಳ ಗೆರೆಗಳನ್ನೂ ಕೊರಿಯಾ, ಚೀನಾ, ಫಿಲಿಪೀನ್ಸಿನವರೇ ಎಳೆಯುತ್ತಾರಲ್ಲ, ಅವೆಲ್ಲ ಏನು? ಹುಡುಗ ಸೋಲಲಿಲ್ಲ. ಹುಟ್ಟಿದ ಊರು ಮುಖ್ಯ, ಕೂಲಿ ಮಾಡಿದ ಊರಲ್ಲ ಎಂದ. ಹಾಗಿದ್ದರೆ ಡೋರೆಮಾನ್ ಅನಿಮೆ ಎಂದು ಒಪ್ಪು, ಎಂದಳು ಅವಳು. ಇಲ್ಲಿ ಹುಡುಗ ಸ್ವಲ್ಪ ತಡವರಿಸಿದ. ಡೋರೆಮಾನ್ ಜಪಾನಿನದೇ, ಸಂಶಯವಿಲ್ಲ. ಆದರೆ ಅದು ಅವನ ತಮ್ಮ ಹಾಲು ಕುಡಿಯುತ್ತಾ ನೋಡುವ ಕಥೆ. ಅದನ್ನು ತನ್ನ ದೇವರ ಪಕ್ಕದಲ್ಲಿ ಕೂರಿಸಲು ಅವನಿಗೆ ಮನಸ್ಸಿಲ್ಲ.

ಅಷ್ಟರಲ್ಲಿ ಕುಮಟೆಯವನೊಬ್ಬ ಮೂರನೆಯ ಬಾಣ ಬಿಟ್ಟ. ಯೂಗೊ ಸಾಕೊ ಎಂಬ ಜಪಾನಿಯರು ನಮ್ಮ ರಾಮ್ ಮೋಹನರೊಡನೆ ಸೇರಿ ಮಾಡಿದ ರಾಮಾಯಣದ ಚಿತ್ರವಿದೆಯಲ್ಲ, ಅದು? ಈ ಚಿತ್ರ 1993ರಲ್ಲಿ ದೆಹಲಿಯ ಚಲನಚಿತ್ರೋತ್ಸವದಲ್ಲಿ ಕಾಣಿಸಿಕೊಂಡಿತು. 2025ರ ಜನವರಿಯಲ್ಲಿ ನಮ್ಮ ಚಿತ್ರಮಂದಿರಗಳಿಗೆ ಮತ್ತೆ ಬಂತು. ಗೆರೆ ಜಪಾನಿನದು, ಕಥೆ ವಾಲ್ಮೀಕಿಯದು, ನಿರ್ದೇಶನ ಎರಡೂ ದೇಶದ್ದು. ಅದರ ಹೆಸರು ಬಂದದ್ದೇ ತಡ, ಎಲ್ಲರೂ ಒಟ್ಟಿಗೆ ಮಾತನಾಡತೊಡಗಿದರು. ಯಾರು ಯಾವ ಪಕ್ಷವೆಂದು ತಿಳಿಯದಂತಾಯಿತು. ಕೊನೆಗೆ, ಸೋಲು ಕಂಡ ಸೈನ್ಯಗಳು ರಾಯಭಾರಿಯನ್ನು ಹುಡುಕುವಂತೆ, ನನ್ನ ಕಡೆ ತಿರುಗಿದರು. "ಸರ್, ನೀವೇ ಹೇಳಿ."

ನನಗೆ ಅಷ್ಟು ಬೇಗ ಹೇಳಲು ಏನೂ ಇರಲಿಲ್ಲ. ನನ್ನ ಕಾಲದ ಅನಿಮೆ ಎಂದರೆ ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಭಾನುವಾರ ದೂರದರ್ಶನದಲ್ಲಿ ಬರುತ್ತಿದ್ದ ಮೋಗ್ಲಿ. ಊರಿನಲ್ಲಿ ಟಿ. ವಿ. ಇದ್ದ ಮನೆಯ ಜಗಲಿಯಲ್ಲಿ ಹದಿನೈದು ಮಕ್ಕಳು ಕುಳಿತು ನೋಡಿದ್ದೇವೆ. ಹಾಡು ಹಿಂದಿಯದು, ಬರೆದವರು ಗುಲ್ಜಾರ್, ಕಥೆ ಕಿಪ್ಲಿಂಗನದು, ಕಾಡು ನಮ್ಮದು. ಇದನ್ನು 1989ರಲ್ಲಿ ಜಪಾನಿನಲ್ಲಿ ಮಾಡಿದ್ದೆಂಬ ಸಂಗತಿ ನಮ್ಮ ಜಗಲಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ನಾವು ಅದನ್ನು ಕಾರ್ಟೂನು ಎನ್ನುತ್ತಿದ್ದೆವು; ಟಿ. ವಿ. ಮನೆಯ ಅಜ್ಜಿ ಗೊಂಬೆಯಾಟ ಎನ್ನುತ್ತಿದ್ದಳು.

ಮನೆಗೆ ಬಂದ ಮೇಲೆ ಕೆಲವು ದಿನ ಇದನ್ನೇ ಓದಿದೆ. ಓದಿದಂತೆಲ್ಲ ಸೋಜಿಗ ಹೆಚ್ಚಿತು. ಅನಿಮೆ ಎಂಬುದು ಜಪಾನೀ ಭಾಷೆಯ ಹಳೆಯ ಮಾತೇ ಅಲ್ಲ. ಅನಿಮೇಷನ್ ಎಂಬ ಇಂಗ್ಲಿಷ್ ಶಬ್ದವನ್ನು ಅವರು ಕತ್ತರಿಸಿ ಚಿಕ್ಕದು ಮಾಡಿಕೊಂಡದ್ದು ಅಷ್ಟೆ. ನಾವು ಲ್ಯಾಬೊರೇಟರಿಯನ್ನು ಲ್ಯಾಬ್ ಎಂದಂತೆ. ಟೋಕಿಯೋದಲ್ಲಿ ಯಾವ ದೇಶದ ಚಲಿಸುವ ಚಿತ್ರವಾದರೂ ಅನಿಮೆಯೇ; ಡಿಸ್ನಿಯ ಇಲಿಯೂ ಅನಿಮೆಯೇ. ಆ ಹೆಸರಿಗೆ ಬೇಲಿ ಹಾಕಿದವರು ಹೊರಗಿನವರು, ಅದನ್ನು ಪ್ರೀತಿಯಿಂದ ಆಮದು ಮಾಡಿಕೊಂಡವರು. ತವರಿನಲ್ಲಿ ಸಡಿಲವಾಗಿದ್ದ ಮಾತು ಗಂಡನ ಮನೆಗೆ ಬಂದ ಮೇಲೆ ಮಡಿ ಹಿಡಿದಿದೆ.

ಬೇಲಿಯ ಒಳಗಿರುವುದಾದರೂ ಅಪ್ಪಟವೇ ಎಂದು ನೋಡಿದರೆ ಅಲ್ಲಿಯೂ ಬೆರಕೆ. 1958ರಲ್ಲಿ ಜಪಾನಿನಲ್ಲಿ ತಯಾರಾದ ಮೊದಲ ಪೂರ್ಣ ಉದ್ದದ ಬಣ್ಣದ ಚಿತ್ರದ ಕಥೆ ಚೀನಾದ ಬಿಳಿ ಹಾವಿನದು. 1963ರ ಜನವರಿ 1ರಂದು ಒಸಾಮು ತೆಜುಕರ ಯಂತ್ರಬಾಲಕನ ಕಥೆ ಅಲ್ಲಿನ ಟಿ. ವಿ.ಯಲ್ಲಿ ಆರಂಭವಾಯಿತು, ಇಂದಿನ ಅನಿಮೆಯ ಸಂಪ್ರದಾಯ ಬೇರೂರಿದ್ದು ಅಲ್ಲಿಂದ ಎನ್ನುತ್ತಾರೆ. ಆ ತೆಜುಕರೋ ಡಿಸ್ನಿಯ ಪರಮಭಕ್ತರು. ಯಾವ ದೊಡ್ಡ ಕಣ್ಣುಗಳನ್ನು ಕಂಡರೆ ನಮ್ಮ ಮಕ್ಕಳು "ಇದು ಜಪಾನಿನದು" ಎಂದು ಬೆರಳು ತೋರಿಸುತ್ತಾರೋ ಆ ಕಣ್ಣು ಅಮೆರಿಕದಿಂದ ಸಾಲ ತಂದದ್ದು. ವಾರಕ್ಕೊಂದು ಕಂತು ಮುಗಿಸಬೇಕು, ದುಡ್ಡು ಸಾಲದು. ಆದ್ದರಿಂದ ಚಿತ್ರಗಳ ಸಂಖ್ಯೆಯನ್ನೇ ಕಡಿಮೆ ಮಾಡಿದರು. ಸಿನಿಮಾದ ಸುರುಳಿ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ಪ್ರತಿ ಚಿತ್ರವನ್ನೂ ಮೂರು ಚೌಕಟ್ಟು ನಿಲ್ಲಿಸಿದರೆ ಎಂಟು ಚಿತ್ರ ಸಾಕು. ದೇಹ ಅಲುಗಾಡದೆ ನಿಂತಿರುತ್ತದೆ. ತುಟಿ ಮಾತ್ರ, ಇಲ್ಲವೇ ಕೂದಲು ಮಾತ್ರ ಚಲಿಸುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಸಿಡಿಲು. ಬಡತನಕ್ಕಾಗಿ ಮಾಡಿದ ಉಪಾಯ ಕಾಲಕ್ರಮದಲ್ಲಿ ಶೈಲಿಯಾಯಿತು.

ಈ ಮಾತನ್ನು ಓದಿದಾಗ ನನಗೆ ನೆನಪಾದದ್ದು ಟೋಕಿಯೋ ಅಲ್ಲ, ಕಟಾವಾದ ಗದ್ದೆಯಲ್ಲಿ ನಡೆಯುತ್ತಿದ್ದ ನಮ್ಮ ಆಟ. ಭಾಗವತರು ಪದ ಎತ್ತಿದಾಗ ವೇಷ ಕಂಬದಂತೆ ನಿಲ್ಲುತ್ತದೆ. ಕಣ್ಣಿನ ಗುಡ್ಡೆಯೊಂದೇ ಆಚೆಯಿಂದ ಈಚೆಗೆ ಬರುತ್ತದೆ. ಹಾಗೆ ಎಷ್ಟೋ ಹೊತ್ತು. ಆಮೇಲೆ ಚಂಡೆ ಏರಿದಾಗ ಮಂಡಿ ಊರಿ ತಿರುಗುವ ತಿರುಗು. ಯಕ್ಷಗಾನ ನೋಡಿ ಬೆಳೆದವನಿಗೆ ನಿಶ್ಚಲತೆಯನ್ನು ನೋಡುವ ಪಾಠವನ್ನು ಜಪಾನಿನವರು ಹೇಳಿಕೊಡಬೇಕಾಗಿಲ್ಲ.

ಅಲ್ಲದೆ ಹೆಸರಿನ ಜಗಳದ ಪಾಠವನ್ನೂ. ನಮ್ಮ ಹೊನ್ನಾವರ ತಾಲೂಕಿನಷ್ಟು ಈ ವಿಷಯದಲ್ಲಿ ಪಳಗಿದ ನೆಲ ಬೇರೆ ಇರಲಾರದು. ಒಂದು ಕಡೆ ಕೆರೆಮನೆ. ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಮನೆತನ. ಇನ್ನೊಂದು ಕಡೆ ಚಿಟ್ಟಾಣಿ; 2012ರಲ್ಲಿ ಪದ್ಮಶ್ರೀ ಪಡೆದು 2017ರಲ್ಲಿ ತೀರಿಕೊಂಡ ರಾಮಚಂದ್ರ ಹೆಗಡೆಯವರ ಊರು. ಒಬ್ಬರದು ತೂಕದ ಅಭಿನಯವೆಂದೂ ಇನ್ನೊಬ್ಬರದು ಮಿಂಚಿನ ಕುಣಿತವೆಂದೂ ಎರಡು ಪಕ್ಷ ಕಟ್ಟಿಕೊಂಡು ಚಾ ಅಂಗಡಿಗಳಲ್ಲಿ ಜನ ಬೆಳಗು ಮಾಡಿದ್ದಾರೆ. ವಾದದ ಕೊನೆಯ ಅಸ್ತ್ರ ಯಾವಾಗಲೂ ಒಂದೇ: "ಅದು ಯಕ್ಷಗಾನವೇ ಅಲ್ಲ."

ಹಾಗೆಂದರೆ ಯಾವುದು ಯಕ್ಷಗಾನ? ನನ್ನ ಅಜ್ಜನ ಮನೆಯಲ್ಲಿ ಆ ಶಬ್ದದ ಬಳಕೆಯೇ ಕಡಿಮೆ ಇತ್ತು. "ಇವತ್ತು ಆಟಕ್ಕೆ ಹೋಪನ" ಎಂದರೆ ಮುಗಿಯಿತು. ಆಟ, ಬಯಲಾಟ, ದಶಾವತಾರದಾಟ, ಹೀಗೆ. ಯಕ್ಷಗಾನವೆಂದರೆ ಮೊದಲಿಗೆ ಬರೆದ ಪ್ರಬಂಧಕ್ಕೆ, ಹಾಡುವ ಪದಗಳಿಗೆ ಸಲ್ಲುತ್ತಿದ್ದ ಹೆಸರು. ತೆಲುಗಿನವರಿಗೂ ಯಕ್ಷಗಾನ ಉಂಟು. ಹದಿನೇಳನೆಯ ಶತಮಾನದ ತಂಜಾವೂರಿನ ನಾಯಕರ ಆಸ್ಥಾನದಲ್ಲಿ ಆ ಹೆಸರಿನ ನಾಟಕಗಳು ಮೆರೆದವು. ಘಟ್ಟದ ಮೇಲಿನ ಮೂಡಲಪಾಯದವರು ತಮ್ಮದೂ ಯಕ್ಷಗಾನವೇ ಎನ್ನುತ್ತಾರೆ. ತೆಂಕಿನವರಿಗೆ ಬಡಗಿನ ಮೇಲೆ ಸಂಶಯ, ಬಡಗಿನವರಿಗೆ ತೆಂಕಿನ ಮೇಲೆ; ನಮ್ಮ ಉತ್ತರ ಕನ್ನಡದ ಮಟ್ಟನ್ನು ಬಡಾಬಡಗು ಎಂದು ಮೂರನೆಯ ಪಂಕ್ತಿಯಲ್ಲಿ ಕೂರಿಸುವವರೂ ಉಂಟು. ವೇಷವೂ ಕುಣಿತವೂ ಇಲ್ಲದೆ ಕುಳಿತು ಮಾತಾಡುವ ತಾಳಮದ್ದಲೆ ಯಕ್ಷಗಾನವೆಂದು ಎಲ್ಲರೂ ಒಪ್ಪುತ್ತಾರೆ. ಭಟ್ಕಳದಿಂದ ತೆಂಕಣಕ್ಕೆ ಸ್ವಲ್ಪ ದೂರ ಹೋದರೆ ಉಪ್ಪಿನಕುದ್ರು. ಕೊಗ್ಗ ಕಾಮತರ ಗೊಂಬೆಗಳು ಅಲ್ಲಿ ಮರದ ಕೈಕಾಲಿನಲ್ಲಿ ಕುಣಿದವು. ಅದನ್ನೂ ಯಕ್ಷಗಾನವೆಂದು ಒಪ್ಪಿದರು. ಆದರೆ ಮನುಷ್ಯ ವೇಷ ಕಟ್ಟಿ, ಕುಣಿದು, ಹಾಡಿಗೆ ಸರಿಯಾಗಿ ಅಭಿನಯಿಸಿ, ಬೆಳಗಿನವರೆಗೆ ಆಡುವ ಬದಲು ಮೂರು ಗಂಟೆಯಲ್ಲಿ ಮುಗಿಸಿದರೆ, ಅದೆಂಥ ಯಕ್ಷಗಾನ ಎನ್ನುತ್ತಾರೆ!

ಶಿವರಾಮ ಕಾರಂತರಷ್ಟು ಈ ಮಾತನ್ನು ಕೇಳಿಸಿಕೊಂಡವರು ವಿರಳ. 'ಯಕ್ಷಗಾನ ಬಯಲಾಟ' ಎಂಬ ಗ್ರಂಥ ಬರೆದು 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರು ಅವರು. ಹಳೆಯ ವೇಷಭೂಷಣ, ಹಳೆಯ ರಾಗ ಹಾಳಾಗುತ್ತಿವೆಯೆಂದು ಎಲ್ಲರನ್ನೂ ಗದರಿಸಿದವರೂ ಅವರೇ. ಮುಂದೆ ಮಾತನ್ನು ತಗ್ಗಿಸಿ, ಪಿಟೀಲು ಸ್ಯಾಕ್ಸೊಫೋನುಗಳನ್ನು ಸೇರಿಸಿ, ನೃತ್ಯರೂಪಕವಾಗಿ ಕಟ್ಟಿದವರೂ ಅವರೇ. ಶುದ್ಧಿಯ ದೊಡ್ಡ ಕಾವಲುಗಾರರೇ ಬೇಲಿ ಹಾರಿದರೆಂದು ಕೆಲವರು ಕೆರಳಿದರು. ಕಾವಲುಗಾರನಿಗಷ್ಟೇ ಬೇಲಿಯ ಸಂದು ತಿಳಿದಿರುತ್ತದೆ ಎಂದು ಕೆಲವರು ಸುಮ್ಮನಾದರು. 1979ರಲ್ಲಿ ಬಿ. ವಿ. ಕಾರಂತರು ದೆಹಲಿಯಲ್ಲಿ ಮ್ಯಾಕ್‌ಬೆತ್ ನಾಟಕವನ್ನು 'ಬರ್ನಮ್ ವನ' ಎಂದು ಯಕ್ಷಗಾನದ ನಡೆಯಲ್ಲಿ ಆಡಿಸಿದರು. ನಾಟಕ ಇಂಗ್ಲೆಂಡಿನದು, ಮಾತು ಹಿಂದಿ, ನಟರು ಎಲ್ಲೆಲ್ಲಿಯವರೋ, ಹೆಜ್ಜೆ ನಮ್ಮದು. ರೈಲಿನ ನನ್ನ ಗಣಿತದ ಹುಡುಗನಿಗೆ ಇದನ್ನು ಹೇಳಿದರೆ, "ಅದು ನಿಮ್ಮ ಅವತಾರ್, ಸರ್" ಎಂದು ಥಟ್ಟನೆ ಹಿಡಿದ.

ನನ್ನ ಅಜ್ಜನ ವಿಷಯ ಒಂದಿಷ್ಟು ಹೇಳಬೇಕು. ಅವನು ಕಟು ವಿಮರ್ಶಕ. ದೊಂದಿ ಹೋಗಿ ಗ್ಯಾಸ್ ದೀಪ ಬಂದದ್ದನ್ನೂ, ದೀಪ ಹೋಗಿ ವಿದ್ಯುತ್ತು ಬಂದದ್ದನ್ನೂ, ಬಯಲು ಹೋಗಿ ಡೇರೆ ಬಂದು ಟಿಕೆಟ್ಟು ಹರಿದದ್ದನ್ನೂ ಕಂಡವನು. ಪ್ರತಿ ಸಲವೂ "ಇನ್ನು ಇದು ಆಟ ಅಲ್ಲ" ಎಂದವನು. ಆದರೆ ನಾನು ಒಂದನ್ನು ಗಮನಿಸಿದ್ದೆ. ಆಟ ಸಪ್ಪೆಯಾದ ರಾತ್ರಿ ಅವನು ಎರಡನೆಯ ಝಾವದ ಹೊತ್ತಿಗೆ ಕಂಬಳಿ ಹೊದ್ದು ಮಲಗಿಬಿಡುತ್ತಿದ್ದ. ಬೆಳಿಗ್ಗೆ ಕೇಳಿದರೆ "ಚಲೋ ಇತ್ತು" ಎನ್ನುತ್ತಿದ್ದ. "ಇದು ಆಟ ಅಲ್ಲ" ಎಂದು ಬೈಯುತ್ತಿದ್ದದ್ದು ಕಣ್ಣು ಮುಚ್ಚದೆ ಮಂಗಳದವರೆಗೆ ನೋಡಿದ ಆಟಗಳನ್ನು ಮಾತ್ರ. ಸಿನಿಮಾವನ್ನು ಅವನು ಎಂದೂ ಯಕ್ಷಗಾನವಲ್ಲವೆಂದು ಬೈದವನಲ್ಲ. ಅಲ್ಲ ಎನ್ನಬೇಕಾದರೆ ವಸ್ತು ಬೇಲಿಯವರೆಗೆ ಬಂದಿರಬೇಕು. ಕೈ ಚಾಚಿದರೆ ಸಿಕ್ಕುವಷ್ಟು ಹತ್ತಿರವಿರಬೇಕು.

ಬೇಲಿಯೇ ಬೇಡ, ಎಲ್ಲವೂ ಎಲ್ಲವೇ ಎನ್ನುವ ಉದಾರಿಗಳ ಪಕ್ಷ ನನ್ನದಲ್ಲ. ಮುಂಡಾಸಿನ ಸುತ್ತಿನ ಬಗ್ಗೆ ಜಗಳವಾಡುವವರು ಇಲ್ಲದಿದ್ದರೆ ಮುಂಡಾಸು ಕಟ್ಟುವ ಕೈಗಳೂ ಉಳಿಯುತ್ತಿರಲಿಲ್ಲ. ಹೆಸರಿನ ಹಿಂದೆ ಅನ್ನವೂ ಇದೆ. ಯಕ್ಷಗಾನಕ್ಕೆ ಒಂದು ಅಕಾಡೆಮಿ, ಬಯಲಾಟಕ್ಕೆ ಬಾಗಲಕೋಟೆಯಲ್ಲಿ ಇನ್ನೊಂದು ಅಕಾಡೆಮಿ ಆಗಿರುವ ಈ ದಿನಗಳಲ್ಲಿ, ಯಾವ ಹೆಸರಿನ ಕೆಳಗೆ ನಿಂತವನಿಗೆ ಯಾವ ಪ್ರಶಸ್ತಿ ಎಂಬುದು ಬರಿಯ ವಾಗ್ವಾದವಲ್ಲ. ನನ್ನ ತಕರಾರು ಬೇರೆ. ಅಲ್ಲವೆನ್ನುವ ಹಕ್ಕು ರಾತ್ರಿಯೆಲ್ಲ ಎಚ್ಚರವಿದ್ದವನಿಗೆ ಇರಲಿ. ಬಾಗಿಲಲ್ಲಿ ನಿಂತು ವೇಷದ ಬಣ್ಣ ನೋಡಿ ತಿರುಗಿದವನಿಗೆ ಬೇಡ.

ಇದನ್ನು ಹೇಳಲು ಕಾರಣವಿದೆ. ರೈಲಿನಲ್ಲಿ ವಾದಿಸಿದ ಆ ಭಟ್ಕಳದ ಹುಡುಗಿ ಸ್ವತಃ ಚಿತ್ರ ಬರೆಯುತ್ತಾಳೆ. ಮನೆಮಾತು ನವಾಯತಿ. (ಅದು ಕೊಂಕಣಿಯ ಒಂದು ಬಗೆಯೋ ಸ್ವತಂತ್ರ ಭಾಷೆಯೋ ಎಂದು ಕೇಳಿದರೆ ಇನ್ನೊಂದು ರೈಲು ಹಿಡಿಯಬೇಕಾದೀತು.) ಯಕ್ಷಗಾನವನ್ನು ಅವಳು ಗದ್ದೆಯಲ್ಲಿ ಕುಳಿತು ಕಂಡವಳಲ್ಲ, ಚಿಟ್ಟಾಣಿಯವರ ಭಸ್ಮಾಸುರನನ್ನು ಯೂಟ್ಯೂಬಿನಲ್ಲಿ ಕಂಡಳು. ಕಂಡದ್ದೇ, ಮೊಬೈಲಿನ ಪುಟ್ಟ ಗಾಜಿನ ಮೇಲೆ ಬೆರಳಿನಿಂದ ಬರೆಯತೊಡಗಿದಳು. ಮೋಹಿನಿ ಕುಣಿಯುತ್ತಾಳೆ, ಅಸುರ ಅವಳಂತೆಯೇ ಕುಣಿಯುತ್ತಾನೆ, ಕೊನೆಗೆ ತನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಳ್ಳುತ್ತಾನೆ. ಒಟ್ಟು ಮೂವತ್ತು ಸೆಕೆಂಡು. ಸೆಕೆಂಡಿಗೆ ಎಂಟರಂತೆ 240 ಚಿತ್ರ. ನಾಲ್ಕು ತಿಂಗಳ ಕೆಲಸ. ಕೈ ಇಳಿಯುವ ಮೊದಲು ಅಸುರ ಅಲುಗಾಡದೆ ನಿಲ್ಲುವ ಒಂದು ಗಳಿಗೆಯಿದೆ. ಅದನ್ನು ನೋಡಿ ನಾನು ಮೊಬೈಲನ್ನು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ದೊಡ್ಡ ಊರೊಂದರಲ್ಲಿ ಕಾಲೇಜುಗಳ ನಡುವೆ ಸ್ಪರ್ಧೆ ಏರ್ಪಟ್ಟಿತ್ತು; ಅದರಲ್ಲಿ ಅನಿಮೆಗೇ ಒಂದು ವಿಭಾಗ. ಅವಳು ಹೋದಳು. ತೀರ್ಪುಗಾರರು ಹತ್ತು ಸೆಕೆಂಡು ನೋಡಿದರಂತೆ. ಕಿರೀಟವನ್ನೂ ಗೆಜ್ಜೆಯನ್ನೂ ಕಂಡು, ಇದು ಅನಿಮೆಯಲ್ಲ, ಜಾನಪದ ವಿಭಾಗಕ್ಕೆ ಕೊಡಿ ಎಂದರು. ಜಾನಪದ ವಿಭಾಗದವರು ಅಷ್ಟನ್ನೂ ನೋಡಲಿಲ್ಲ. ಅಲ್ಲಿ ಕುಣಿಯಬೇಕು, ಹಾಡಬೇಕು. ಮೊಬೈಲು ಹಿಡಿದು ಬಂದವರಿಗೆ ಸಾಲೇ ಇರಲಿಲ್ಲ. ಬಂದು ನನಗೆ ಹೇಳಿದಾಗ ಅವಳು ಅಳಲಿಲ್ಲ. "ಸರ್, ನನ್ನದು ಏನೆಂದು ಬರೆಯಬೇಕು?" ಎಂದಳು. ಅರ್ಜಿಯಲ್ಲಿ ಪ್ರಕಾರ ಎಂಬ ಕಡೆ ಒಂದು ಗೆರೆ ಇರುತ್ತದೆ, ಅದರ ಮೇಲೆ. ಕನ್ನಡ ಮೇಷ್ಟರಿಗೆ ಇಂಥ ಹೊತ್ತಿನಲ್ಲಿ ಪಂಪನ ಕರ್ಣ, ಕುಲ ಕೇಳಿಸಿಕೊಂಡ ಆ ಕರ್ಣ, ನೆನಪಾಗದೆ ಇರುವುದಿಲ್ಲ. ಆದರೆ ನಾಲ್ಕು ತಿಂಗಳು ಕೂತು ಗೆರೆ ಎಳೆದವಳಿಗೆ ಪಂಪನನ್ನು ಹೇಳಿ ಸಮಾಧಾನ ಮಾಡುವುದು ನನಗೆ ಸರಿಯೆನಿಸಲಿಲ್ಲ.

ಬದಲಿಗೆ, ಹೊನ್ನಾವರ ತಾಲೂಕಿನ ಒಳಹಳ್ಳಿಯಲ್ಲಿ ನನಗೆ ಪರಿಚಯದ ಒಬ್ಬ ಹಳೆಯ ವೇಷಧಾರಿಗಳಿದ್ದಾರೆ, ಎಪ್ಪತ್ತು ದಾಟಿದವರು, ಅವರ ಮನೆಗೆ ಒಂದು ಭಾನುವಾರ ಕರೆದುಕೊಂಡು ಹೋದೆ. ಗಣಿತದ ಹುಡುಗನೂ ಬಂದ. ಅವನಿಗೆ ಯಕ್ಷಗಾನಕ್ಕಿಂತ ತೀರ್ಪು ಕೇಳುವ ಆಸೆ. ಹಿರಿಯರು ಕನ್ನಡಕ ಒರೆಸಿಕೊಂಡು ನೋಡಿದರು. ಮತ್ತೊಮ್ಮೆ ಹಾಕು ಎಂದರು. ಒಟ್ಟು ಹನ್ನೊಂದು ಸಲ ನೋಡಿದರು, ಹುಡುಗ ಎಣಿಸಿದ್ದಾನೆ. ಆಮೇಲೆ ಎಲೆಯಡಿಕೆಯ ತಟ್ಟೆ ಹತ್ತಿರ ಎಳೆದುಕೊಂಡು, "ಇದು ಯಕ್ಷಗಾನ ಅಲ್ಲ, ಮಗಾ" ಎಂದರು.

ಹುಡುಗಿ ತಲೆ ತಗ್ಗಿಸಿದಳು. ಹಿರಿಯರು ಕಂಡಂತೆ ತೋರಲಿಲ್ಲ. ಹೆಜ್ಜೆ ತಾಳಕ್ಕೆ ಅರ್ಧ ಅಕ್ಷರ ಹಿಂದೆ ಬಿದ್ದಿದೆ ಎಂದರು. ಮುಂಡಾಸಿನ ಸುತ್ತು ಬಲಕ್ಕೆ ವಾಲಿದೆ ಎಂದರು. "ಅಸುರ ಕೈ ಇಳಿಸ್ತಾನಲ್ಲ, ಅಲ್ಲಿ ನೀನು ಕೈಯನ್ನೇ ಬರೆದಿದ್ದೀ. ಕೈಗಿಂತ ಮೊದಲು ಕಣ್ಣು ಮೇಲೆ ಹೋಗಬೇಕು. ಕಣ್ಣು ಹೋದಮೇಲೆ ಕೈ. ಅವನು ಮರುಳಾಗಿದ್ದಾನೆ ಅಂತ ನೋಡುವವನಿಗೆ ಗೊತ್ತಾಗುವುದು ಅಲ್ಲಿ." ಹೇಳಿ, ಕುಳಿತಲ್ಲಿಂದಲೇ ತೋರಿಸಿದರು. ಬಾಯಲ್ಲಿ ಎಲೆಯಡಿಕೆ, ಹೆಗಲ ಮೇಲೆ ಟವಲು. ಕಣ್ಣು ನಿಧಾನವಾಗಿ ಮೇಲೆ ಹೋಯಿತು, ಅದರ ಹಿಂದೆ ಬಲಗೈ. ಹುಡುಗಿ ಮೊಬೈಲಿನಲ್ಲಿ ಅದನ್ನು ಹಿಡಿದುಕೊಂಡಳು. ಇನ್ನೊಮ್ಮೆ ತೋರಿಸಿ ಎಂದಳು. ಅವರು ತೋರಿಸಿದರು.

ಅರ್ಜಿಯ ಆ ಗೆರೆಯ ಮೇಲೆ ಏನು ಬರೆದಳೋ ನಾನು ಕೇಳಲಿಲ್ಲ. ಈಗ ಚಿತ್ರಗಳು 240 ಇದ್ದದ್ದು 252 ಆಗಿವೆ. ಹೆಚ್ಚಿನ ಹನ್ನೆರಡೂ ಕಣ್ಣಿಗೆ. ಹೆಜ್ಜೆಗಳನ್ನು ಮೊದಲಿನಿಂದ ತಿದ್ದುತ್ತಿದ್ದಾಳೆ. ಗಣಿತದ ಹುಡುಗ ಇದು ಅನಿಮೆಯಲ್ಲವೆಂದು ಈಗಲೂ ವಾದಿಸುತ್ತಾನೆ. ದಿನವೂ ಸಂಜೆ ಕಾಲೇಜಿನ ಮೆಟ್ಟಿಲ ಮೇಲೆ ಕುಳಿತು ಅವಳ ಚಿತ್ರಗಳಿಗೆ ಬಣ್ಣ ತುಂಬುವವನೂ ಅವನೇ.